ಖಾಲಿ ಜೆಲ್‌ನ ಫೋಟೋ

ಆ ಸೋಮವಾರ ನಾನು ಲ್ಯಾಬ್‌ಗೆ ಹೋದಾಗ ಅವಳು ಆಗಲೇ ಬಂದಿದ್ದಳು. ಬೆಂಚ್ ಒರೆಸಿ ಚೊಕ್ಕ ಮಾಡಿದ್ದಳು. ಟಿಪ್ ಬಾಕ್ಸ್‌ಗಳನ್ನೆಲ್ಲ ತುಂಬಿ ಸಾಲಾಗಿ ಜೋಡಿಸಿಟ್ಟಿದ್ದಳು. ನೋಟ್‌ಬುಕ್ ಮಾತ್ರ ಮುಚ್ಚಿಕೊಂಡು ಕೂತಿತ್ತು.

"ಶುಕ್ರವಾರದ ಪಿಸಿಆರ್ ಏನಾಯ್ತು?" ಅಂತ ಕೇಳಿದೆ. ಪಿಸಿಆರ್ ಅಂದರೆ ಡಿಎನ್‌ಎಯ ಬೇಕಾದ ತುಣುಕನ್ನು ಮೆಷಿನ್‌ನಲ್ಲಿ ಲಕ್ಷಗಟ್ಟಲೆ ಪ್ರತಿ ಮಾಡುವ ಪ್ರಯೋಗ.

"ಮೇಡಂ, ನಾಳೆಯಿಂದ ನಾನು ಬರೋದು ಬೇಡ ಅನ್ಸುತ್ತೆ" ಅಂದಳು.

ಪದವಿಯ ಎರಡನೇ ವರ್ಷದ ಹುಡುಗಿ ಅವಳು. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಅವಳ ಸಮುದಾಯದಿಂದ ಸಂಶೋಧನೆಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದು. ಅಂಥ ವಿದ್ಯಾರ್ಥಿಗಳನ್ನು ಜೀವವೈದ್ಯಕೀಯ ಸಂಶೋಧನೆಗೆ ತಯಾರು ಮಾಡುವ ಬೇಸಿಗೆ ತರಬೇತಿಯಲ್ಲಿ ಅವಳನ್ನು ನನ್ನ ಜೊತೆ ಹಾಕಿದ್ದರು. ಅದು ಮೂರನೇ ವಾರ.

ಬ್ಯಾಗಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು. ಜೆಲ್‌ನ ಫೋಟೋ. ಪಿಸಿಆರ್‌ನಲ್ಲಿ ಬಂದ ಡಿಎನ್‌ಎಯನ್ನು ಜೆಲ್‌ನಲ್ಲಿ ಕರೆಂಟ್ ಹರಿಸಿ ಓಡಿಸಿದರೆ, ಡಿಎನ್‌ಎ ಇರುವಲ್ಲಿ ಬ್ಯಾಂಡ್ ಅನ್ನುವ ಗೆರೆ ಹೊಳೆಯುತ್ತದೆ. ಎಡಗಡೆ ಲ್ಯಾಡರ್‌ನ, ಅಂದರೆ ಅಳತೆಗೆ ಹಾಕುವ ಗೊತ್ತಿರುವ ಡಿಎನ್‌ಎಯ ಗೆರೆಗಳು ಏಣಿಯ ಹಾಗೆ ನೀಟಾಗಿ ಕಾಣುತ್ತಿದ್ದವು. ಅದರ ಪಕ್ಕದಿಂದ ಕೊನೆಯವರೆಗೂ ಬರೀ ಕಪ್ಪು.

"ಎಂಟು ಸ್ಯಾಂಪಲ್‌ನಲ್ಲಿ ಒಂದೂ ಬಂದಿಲ್ಲ. ಎಲ್ಲಾ ಹಾಳು ಮಾಡಿಬಿಟ್ಟೆ. ಈ ಕೆಲಸ ನನ್ನಂಥವರಿಗಲ್ಲ ಮೇಡಂ."

ಶನಿವಾರ, ಭಾನುವಾರ ಎರಡೂ ದಿನ ಆ ಕಾಗದವನ್ನು ಬ್ಯಾಗಲ್ಲಿ ಇಟ್ಟುಕೊಂಡು ಒದ್ದಾಡಿದ್ದಾಳೆ. ಅದೇ ಶುಕ್ರವಾರ ಪಕ್ಕದ ಬೆಂಚಿನ ಹುಡುಗನ ಜೆಲ್ ಕೂಡ ಖಾಲಿ ಬಂದಿತ್ತು. ಅವನ ತಾಯಿ ವಿಜ್ಞಾನಿ. "ಛೇ, ಮತ್ತೆ ಹಾಕಬೇಕು" ಅಂತ ಗೊಣಗಿ ಮನೆಗೆ ಹೋದ, ಅಷ್ಟೇ. ಪ್ರಯೋಗ ಕೈ ಕೊಡುತ್ತೆ ಅನ್ನೋದನ್ನು ಅವನು ಊಟಕ್ಕೆ ಕೂತಾಗಲೆಲ್ಲ ಕೇಳಿಕೊಂಡೇ ಬೆಳೆದಿದ್ದಾನೆ. ಇವಳಿಗೆ ಅದನ್ನು ಹೇಳಬೇಕಾದವಳು ನಾನು. ಒಂದು ಗಂಟೆ ಕೂರಿಸಿಕೊಂಡು ಪ್ರೋಟೋಕಾಲ್ ವಿವರಿಸಿದ್ದೆ. ಈ ಒಂದು ಮಾತು ಮಾತ್ರ ಹೇಳಿರಲಿಲ್ಲ. ಅವತ್ತು ನನಗೆ ತುಂಬಾ ನೋವಾಗಿದ್ದು ಅದಕ್ಕೇ.

"ಫೋಟೋ ಬಿಡಿಸು. ನೋಡೋಣ ಬಾ" ಅಂದೆ.

ಲ್ಯಾಡರ್ ಕಾಣ್ತಿದೆ ಅಲ್ವಾ? ಹಾಗಾದರೆ ಜೆಲ್ ಸರಿ ಇದೆ, ಬಣ್ಣ ಸರಿ ಇದೆ, ಕರೆಂಟೂ ಸರಿಯಾಗಿ ಹರಿದಿದೆ. ಆಮೇಲೆ ಪಾಸಿಟಿವ್ ಕಂಟ್ರೋಲ್ ನೋಡು ಅಂದೆ. ಬ್ಯಾಂಡ್ ಬಂದೇ ಬರಬೇಕು ಅಂತ ಗೊತ್ತಿದ್ದು, ಹೋಲಿಸಿ ನೋಡಲು ಹಾಕುವ ಸ್ಯಾಂಪಲ್ ಅದು. ಅದರ ಡಿಎನ್‌ಎ ನಾನೇ ಕೊಟ್ಟಿದ್ದು. ಹಿಂದೆ ಎಷ್ಟೋ ಸಲ ಬ್ಯಾಂಡ್ ಕೊಟ್ಟಿತ್ತು. ಅದೂ ಖಾಲಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ತಪ್ಪು ಸ್ಯಾಂಪಲ್‌ನಲ್ಲಿ ಇಲ್ಲ. ಎಲ್ಲದಕ್ಕೂ ಹಾಕಿದ್ದರಲ್ಲಿ ಏನೋ ಇದೆ" ಅಂದಳು. ಮೂರು ವಾರದಲ್ಲಿ ಅವಳು ತಾನಾಗಿ ಹೇಳಿದ ಮೊದಲ ಮಾತು ಅದು. ಎಷ್ಟು ಸರಿಯಾದ ಮಾತು!

ಒಂದೊಂದಾಗಿ ಹಿಂದಕ್ಕೆ ಹೋದೆವು. ಎಂಜೈಮ್ ಹೊಸದು. ಮೆಷಿನ್‌ನಲ್ಲಿ 95, 58, 72 ಡಿಗ್ರಿ, 35 ಸುತ್ತು, ಎಲ್ಲ ಸರಿ. ಉಳಿದಿದ್ದು ಪ್ರೈಮರ್, ಅಂದರೆ ಪ್ರತಿ ಮಾಡುವುದು ಎಲ್ಲಿಂದ ಶುರುವಾಗಬೇಕು ಅಂತ ಗುರುತಿಸುವ ಪುಟ್ಟ ಡಿಎನ್‌ಎ ತುಣುಕು. 10 ಮೈಕ್ರೋಲೀಟರ್ ಪ್ರೈಮರ್‌ಗೆ 90 ಮೈಕ್ರೋಲೀಟರ್ ನೀರು ಬೆರೆಸಬೇಕು. "ಹೇಗೆ ಮಾಡಿದೆಯೋ ಹಾಗೇ ಮಾಡಿ ತೋರಿಸು" ಅಂದೆ.

ನೀರಿಗೆ ಪಿ-200 ಪಿಪೆಟ್ ತಗೊಂಡಳು. 200 ಮೈಕ್ರೋಲೀಟರ್‌ವರೆಗೆ ದ್ರವ ಅಳೆದು ಹಾಕುವ ಉಪಕರಣ ಅದು. ಅದರ ಪುಟ್ಟ ಕಿಟಕಿಯಲ್ಲಿ ಮೇಲಿಂದ ಕೆಳಗೆ 0, 9, 0. ಸರಿ. ಪ್ರೈಮರ್‌ಗೆ 20 ಮೈಕ್ರೋಲೀಟರ್‌ವರೆಗಿನ ಪಿ-20 ಎತ್ತಿಕೊಂಡು ತಿರುಗಿಸಿದಳು. 0, 1, 0. ಅಲ್ಲೇ ಇತ್ತು ತಪ್ಪು. ಪಿ-20ರಲ್ಲಿ ಕೆಳಗಿನ ಅಂಕಿ ಕೆಂಪು ಬಣ್ಣದ್ದು. ಅದು ದಶಾಂಶದ ಅಂಕಿ. 10 ಬೇಕಿದ್ದರೆ ಕಿಟಕಿಯಲ್ಲಿ 1, 0, 0 ಇರಬೇಕು. ಅವಳು ಇಟ್ಟಿದ್ದು ಬರೀ 1 ಮೈಕ್ರೋಲೀಟರ್. ಪ್ರೈಮರ್ ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿಗೆ ಇಳಿದಿತ್ತು. ಬ್ಯಾಂಡ್ ಎಲ್ಲಿಂದ ಬರಬೇಕು?

ಆ ಪಿಪೆಟ್‌ಗಳನ್ನು ಮೊದಲ ದಿನ ನಾನು ಐದೇ ನಿಮಿಷದಲ್ಲಿ ತೋರಿಸಿ ಮುಗಿಸಿದ್ದೆ. "ಅರ್ಥ ಆಯ್ತಾ?" ಅಂದಿದ್ದಕ್ಕೆ ತಲೆಯಾಡಿಸಿದ್ದಳು. ಕೇಳಿದರೆ ದಡ್ಡಿ ಅಂದುಕೊಳ್ತಾರೆ ಅನ್ನೋ ಭಯ ಇರುವವರು ತಲೆಯಾಡಿಸುವುದೇ ಜಾಸ್ತಿ.

ಪ್ರೈಮರ್ ಹೊಸದಾಗಿ ಬೆರೆಸಿ ಮತ್ತೆ ಪಿಸಿಆರ್ ಹಾಕಿದೆವು. ಮುಗಿಯಲು ಎರಡು ಗಂಟೆ ಬೇಕು. ಮೆಷಿನ್ ಪಕ್ಕ ಕೂತು ಮಾತಿಗಿಳಿದೆವು. "ಪಿಎಚ್‌ಡಿಗೆ ಎಷ್ಟು ಫೀಸು ಕಟ್ಟಬೇಕು ಮೇಡಂ?" ಅಂತ ಮೆಲ್ಲಗೆ ಕೇಳಿದಳು. ಈ ಕ್ಷೇತ್ರದಲ್ಲಿ ಎಷ್ಟೋ ಕಡೆ ಪಿಎಚ್‌ಡಿ ಮಾಡುವವರಿಗೇ ತಿಂಗಳು ತಿಂಗಳು ಸ್ಟೈಪೆಂಡ್ ಕೊಡುತ್ತಾರೆ ಅಂದಾಗ ಅವಳು ನಂಬಲೇ ಇಲ್ಲ. ಸಂಜೆ ಅವಳಿಗೆ ಬೇರೆ ಕೆಲಸ ಇತ್ತು. ಈ ತರಬೇತಿಗೆ ಸಂಬಳ ಸಿಗದಿದ್ದರೆ ಅವಳು ಬರುವ ಹಾಗೇ ಇರಲಿಲ್ಲ. ಅನುಭವ ಆಗುತ್ತೆ, ಸುಮ್ನೆ ಬಂದು ಕೆಲಸ ಕಲಿ ಅನ್ನುವ ಲ್ಯಾಬ್‌ಗಳಿಗೆ ಇಂಥವರು ಬರೋದು ಹೇಗೆ?

ಅವಳಿಗೆ ಮೇಯರ್‌ಹಾಫ್ ಸ್ಕಾಲರ್ಸ್ ಕಾರ್ಯಕ್ರಮದ ಬಗ್ಗೆ ಹೇಳಿದೆ. ಅಮೆರಿಕದ ಯುಎಂಬಿಸಿ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಶುರುವಾಗಿದ್ದು. ಅದರ ಹಿಂದೆ ಇದ್ದವರು ಮುಂದೆ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಫ್ರೀಮನ್ ಹ್ರಬೌಸ್ಕಿ. ಮೊದಮೊದಲು ಕಪ್ಪು ಜನಾಂಗದ ಹುಡುಗರಿಗಾಗಿ ಮಾಡಿದ್ದು, ಆಮೇಲೆ ಎಲ್ಲರಿಗೂ ತೆರೆಯಿತು. ಕಾಲೇಜು ಶುರುವಾಗುವ ಮುಂಚೆಯೇ ಬೇಸಿಗೆಯಲ್ಲಿ ಕರೆಸಿಕೊಂಡು ತಯಾರು ಮಾಡುತ್ತಾರೆ. ಗುಂಪಾಗಿ ಕೂತು ಓದಿಸುತ್ತಾರೆ. ಲ್ಯಾಬ್ ಕೆಲಸಕ್ಕೆ ಬೇಗ ಹಚ್ಚುತ್ತಾರೆ. ಕೋವಿಡ್‌ನ ಮಾಡರ್ನಾ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಖ್ಯ ಪಾತ್ರ ವಹಿಸಿದ ಕಿಜ್‌ಮೇಕಿಯಾ ಕಾರ್ಬೆಟ್ ಓದಿದ್ದು ಅಲ್ಲೇ. ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಆ ಗುಂಪು. ಎಡವಿದಾಗ ಎರಡು ದಿನ ಒಬ್ಬರೇ ಕೂತು ಕೊರಗಬೇಕಾಗಿಲ್ಲ. ಪಕ್ಕದಲ್ಲೇ "ನಂದೂ ಖಾಲಿ ಬಂತು ಕಣೇ" ಅನ್ನುವವಳು ಇರುತ್ತಾಳೆ.

"ಅವರಿಗೂ ಖಾಲಿ ಜೆಲ್ ಬಂದಿರುತ್ತಾ?" ಅಂದಳು.

"ಪಿಸಿಆರ್ ಮಾಡಿದ ಯಾರಿಗೆ ಬಂದಿಲ್ಲ ಹೇಳು?" ಅಂದೆ. ನನ್ನ ಹಳೆಯ ನೋಟ್‌ಬುಕ್ ತಂದು ಅವಳ ಮುಂದೆ ಇಟ್ಟೆ. ಒಂದು ಜೀನ್‌ಗಾಗಿ ನಾನು ಅಂಟಿಸಿದ್ದ ಆರು ಖಾಲಿ ಜೆಲ್‌ಗಳ ಫೋಟೋಗಳನ್ನು ಒಂದೊಂದಾಗಿ ನೋಡಿದಳು. ಪ್ರತಿಯೊಂದರ ಕೆಳಗೆ ಬರೆದಿದ್ದ ಕಾರಣ ಓದಿದಳು.

ಮಧ್ಯಾಹ್ನ ಜೆಲ್ ಓಡಿಸಿ ಯುವಿ ದೀಪದ ಕೆಳಗೆ ಇಟ್ಟೆವು. ಕಂಟ್ರೋಲ್ ಬಂದಿತ್ತು. ಎಂಟರಲ್ಲಿ ಆರು ಬ್ಯಾಂಡ್ ಹೊಳೆಯುತ್ತಿದ್ದವು. ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಇನ್ನೆರಡು ಯಾಕೆ ಬಂದಿಲ್ಲ ಅಂತ ಬಗ್ಗಿ ನೋಡುತ್ತಾ ನಿಂತಳು.

ಆಮೇಲೆ ಬ್ಯಾಗಲ್ಲಿದ್ದ ಆ ಮಡಿಚಿದ ಫೋಟೋ ತೆಗೆದು, ಅಂಗೈಯಿಂದ ಒತ್ತಿ ನೆಟ್ಟಗೆ ಮಾಡಿದಳು. ಶುಕ್ರವಾರದ ಪುಟ ತೆರೆದು ಅಂಟಿಸಿದಳು. ಕೆಳಗೆ ದಿನಾಂಕ ಹಾಕಿ ಬರೆದಳು: "ಪ್ರೈಮರ್ ಕಡಿಮೆ. ಪಿ-20ರಲ್ಲಿ 010 ಅಂದರೆ 1." ಅದರ ಮುಂದಿನ ಪುಟದಲ್ಲಿ ಹೊಸ ಫೋಟೋ. ಪೆನ್ನಿನ ಮುಚ್ಚಳ ಹಾಕದೆ ನನ್ನ ಕಡೆ ತಿರುಗಿ, "ಮೇಡಂ, ಆ ಎರಡು ಸ್ಯಾಂಪಲ್‌ನಲ್ಲಿ ಡಿಎನ್‌ಎ ಎಷ್ಟಿದೆ ಅಂತ ನಾಳೆ ಅಳೆದು ನೋಡ್ಲಾ?" ಅಂದಳು.