ಉಣ್ಣೆ ಕಿತ್ತಷ್ಟೂ ಯಾಕೆ ಬರ್ತಾನೇ ಇರತ್ತೆ

ನಾಯಿ ಸಾಕಿರೋರು ಯಾರೇ ಸಿಕ್ಲಿ ಉಣ್ಣೆ, ಅಂದ್ರೆ ಮೈಗೆ ಕಚ್ಕೊಂಡು ರಕ್ತ ಕುಡಿಯೋ ಟಿಕ್ ವಿಷಯ ಬಂದೇ ಬರತ್ತೆ, ದಿನಾ ಕೂತು ಕೀಳ್ತೀವಿ, ಶಾಂಪೂ ಹಾಕಿ ಸ್ನಾನ ಮಾಡಿಸ್ತೀವಿ, ಆದ್ರೂ ಸ್ವಲ್ಪ ದಿನಕ್ಕೆ ಮತ್ತೆ ಅಷ್ಟೇ ಆಗತ್ತೆ ಅಂತಾರೆ. ಬರದೇ ಏನ್ ಮಾಡತ್ತೆ ಹೇಳಿ, ಮೈ ಮೇಲೆ ಕಾಣೋದು ಸ್ವಲ್ಪಾನೇ, ಉಳಿದಿದ್ದೆಲ್ಲಾ ಮನೇಲೇ ಇರತ್ತೆ.

ನಾಯಿಗೆ ಹತ್ತೋ ಆ ಕಂದು ಉಣ್ಣೆ ಜೀವಮಾನದಲ್ಲಿ ಮೂರೇ ಸಲ ರಕ್ತ ಕುಡಿಯತ್ತೆ. ಮೊಟ್ಟೆಯಿಂದ ಬಂದ ಮರಿಗೆ ಆರು ಕಾಲು, ಅದು ನಾಯಿ ಹತ್ತಿ ಹೊಟ್ಟೆ ತುಂಬಿಸ್ಕೊಂಡು ಕೆಳಗೆ ಬಿದ್ದು ಯಾವ್ದೋ ಸಂದೀಲಿ ಸೇರ್ಕೊಂಡು ಪೊರೆ ಬಿಟ್ರೆ ಎಂಟು ಕಾಲಾಗತ್ತೆ, ಮತ್ತೆ ಹತ್ತಿ ಕುಡಿದು ಬೀಳತ್ತೆ, ಇನ್ನೊಂದ್ಸಲ ಪೊರೆ ಬಿಟ್ಟು ದೊಡ್ಡದಾಗಿ ಮೂರನೇ ಸಲ ಬರತ್ತೆ. ಹೆಣ್ಣಾದ್ರೆ ಬೂದು ಬಣ್ಣದ ಬಟಾಣಿ ಥರ ಊದ್ಕೊಂಡು ಇಳಿದು ಗೋಡೆ ಹತ್ತಿ ಬಿರುಕಲ್ಲಿ ಸಾವಿರಾರು ಮೊಟ್ಟೆ ಇಟ್ಟು ಸಾಯತ್ತೆ. ಅಂದ್ರೆ ನಾಯಿ ಮೈ ಮೇಲೆ ಇರೋದು ಒಂದೊಂದ್ಸಲಕ್ಕೆ ಕೆಲವೇ ದಿನ, ಉಳಿದ ಕಾಲ ಎಲ್ಲಾ ಹೊರಗಡೆ, ಅದೂ ಊಟ ಇಲ್ದೆ ತಿಂಗಳುಗಟ್ಟಲೆ ಬದುಕಿರತ್ತೆ.

ಒಂದ್ಸಲ ಟಾರ್ಚ್ ಹಿಡ್ಕೊಂಡು ನಾಯಿ ಮಲಗೋ ಜಾಗದ ಹಿಂದಿನ ಗೋಡೆ ನೋಡಿ. ಸ್ಕರ್ಟಿಂಗ್ ಮೇಲಿನ ಗೆರೆ, ಬಾಗಿಲ ಚೌಕಟ್ಟು ಗೋಡೆಗೆ ಸೇರೋ ಜಾಗ, ಸ್ವಿಚ್ ಬೋರ್ಡ್ ಅಂಚು, ಅಲ್ಲೆಲ್ಲಾ ಸಾಲಾಗಿ ಕಂದು ಚುಕ್ಕೆಗಳು ಅಲ್ಲಾಡದೆ ಕೂತಿರ್ತಾವೆ, ನಮ್ಮನೇಲಿ ಕರ್ಟನ್ ಮಡಿಕೆಯೊಳಗೂ ಸಿಕ್ಕಿವೆ. ನಾಯಿಗೆ ಔಷಧಿ ಹಾಕೋ ದಿನಾನೇ ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀಬೇಕು, ಬಿರುಕಿಗೆಲ್ಲಾ ವ್ಯಾಕ್ಯೂಮ್ ಹಿಡೀಬೇಕು, ಆ ಕಸನ ಕೂಡ್ಲೇ ಕಟ್ಟಿ ಹೊರಗೆ ಹಾಕ್ಬೇಕು, ಬಿರುಕು ಮುಚ್ಚಿಸ್ಬೇಕು. ಸ್ಪ್ರೇ ಹೊಡೆಸೋದಾದ್ರೆ ಒಂದ್ಸಲಕ್ಕೆ ಮುಗಿಯಲ್ಲ, ಮೊಟ್ಟೆಗಳು ಆಮೇಲೆ ಒಡೀತಾವೆ, ಹಾಗಾಗಿ ಮತ್ತೆ ಮತ್ತೆ ಹೊಡೆಸ್ಬೇಕು.

ನಾಯಿಗೆ ಈಗ ಬಾಯಿಗೆ ಕೊಡೋ ಮಾತ್ರೆ ಬಂದಿವೆ, ಆಫೋಕ್ಸೊಲಾನರ್ ತಿಂಗಳಿಗೊಂದು, ಫ್ಲುರಾಲಾನರ್ ಸುಮಾರು 12 ವಾರ ಕೆಲಸ ಮಾಡತ್ತೆ. ನನ್ನ ಪ್ರಕಾರ ಇದೇ ಒಳ್ಳೇದು, ಯಾಕಂದ್ರೆ ಮನೆಯ ಉಣ್ಣೆಗಳು ಬಂದು ಕಚ್ಚಿ ತಾವೇ ಸಾಯ್ತಾ ಹೋಗ್ತಾವೆ, ಆದ್ರೆ ಡೋಸ್ ತಪ್ಪಿಸ್ದೇ ತಿಂಗಳುಗಟ್ಟಲೆ ಕೊಡ್ಬೇಕು. ಫಿಟ್ಸ್ ಬರೋ ನಾಯಿ ಆದ್ರೆ ಡಾಕ್ಟರಿಗೆ ಮೊದ್ಲೇ ಹೇಳಿ. ಮನೇಲಿ ಬೆಕ್ಕಿದ್ರೆ ಇನ್ನೂ ಹುಷಾರು, ನಾಯಿಗೆ ಅಂತ ಇರೋ ಪರ್ಮೆಥ್ರಿನ್ ಡ್ರಾಪ್ಸ್ ಬೆಕ್ಕಿಗೆ ಹಾಕಿದ್ರೆ ಪ್ರಾಣಕ್ಕೇ ಅಪಾಯ, ದಯವಿಟ್ಟು ಇದನ್ನ ಎಲ್ರಿಗೂ ಹೇಳಿ.

ಹಸುವಿನ ಉಣ್ಣೆ ಕಥೆ ಬೇರೆ. ಅದು ಮರಿಯಿಂದ ದೊಡ್ಡದಾಗೋವರೆಗೂ ಒಂದೇ ಹಸು ಮೇಲೆ ಮೂರು ವಾರ ಇರತ್ತೆ, ಅದಕ್ಕೇ ಅಲ್ಲಿ ಹಸುವಿನ ಮೈಗೆ ಸರಿಯಾದ ಅಂತರದಲ್ಲಿ ಔಷಧಿ ಹಾಕೋದೇ ಮುಖ್ಯ. ಹಸುಗಳಿಗೆ ಮೂತ್ರ ಕೆಂಪಗಾಗೋ ಜ್ವರ ಉಣ್ಣೆಯಿಂದಲೇ ಬರತ್ತೆ ಅಂತ ಅಮೆರಿಕದ ವಿಜ್ಞಾನಿಗಳಾದ ಥಿಯೋಬಾಲ್ಡ್ ಸ್ಮಿತ್, ಕಿಲ್ಬೋರ್ನ್ ಇಬ್ರೂ 1893ರಲ್ಲೇ ತೋರಿಸಿದ್ರು.

ನಾಯಿಗಳಲ್ಲಿ ಜನ ಟಿಕ್ ಫೀವರ್ ಅನ್ನೋದು ಹೆಚ್ಚಾಗಿ ಎರ್ಲಿಕಿಯಾ ಅಥವಾ ಬೆಬೀಸಿಯಾ ಅನ್ನೋ ರೋಗಾಣುಗಳು ಉಣ್ಣೆ ಕಚ್ಚಿ ರಕ್ತಕ್ಕೆ ಸೇರಿ ಬರೋ ರೋಗ. ಊಟ ಬಿಡೋದು, ಜ್ವರ, ಒಸಡು ಬೆಳ್ಳಗಾಗೋದು, ಮೂಗಲ್ಲಿ ರಕ್ತ, ಮೂತ್ರ ಗಾಢ ಬಣ್ಣಕ್ಕೆ ತಿರುಗೋದು, ಇದ್ರಲ್ಲಿ ಒಂದು ಕಂಡ್ರೂ ಅವತ್ತೇ ರಕ್ತ ಟೆಸ್ಟ್ ಮಾಡಿಸಿ, ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ಎಷ್ಟಿದೆ ಅಂತ ಕೇಳಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸುಮಾರು 28 ದಿನ ಕೊಡ್ತಾರೆ, ವಾರಕ್ಕೇ ನಾಯಿ ಚುರುಕಾಗತ್ತೆ, ಆಗ ತುಂಬಾ ಜನ ಮಾತ್ರೆ ನಿಲ್ಲಿಸಿಬಿಡ್ತಾರೆ, ನಿಲ್ಲಿಸ್ಬೇಡಿ, ರೋಗ ಒಳಗೇ ಉಳ್ಕೊಂಡು ಆಮೇಲೆ ಮೂಳೆ ಮಜ್ಜೆಗೇ ಹೊಡೆತ ಕೊಟ್ರೆ ಉಳಿಸೋದು ಕಷ್ಟ. ಬೆಬೀಸಿಯಾಗೆ ಔಷಧಿನೇ ಬೇರೆ, ಹಾಗಾಗಿ ಟೆಸ್ಟ್ ಇಲ್ದೆ ಅಂದಾಜಲ್ಲಿ ಕೊಡಬಾರ್ದು.

ಉಣ್ಣೆಯಿಂದ ಮನುಷ್ಯರಿಗೂ ರೋಗ ಬರತ್ತೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದ ಹರಡೋ ವೈರಸ್ಸು, ಅಮೆರಿಕ ಯುರೋಪಲ್ಲಿ ಕಾಡೋ ಲೈಮ್ ರೋಗ ಬ್ಯಾಕ್ಟೀರಿಯಾ. ಲೈಮ್ ಹತ್ತೋಕೆ ಸಾಮಾನ್ಯವಾಗಿ ಉಣ್ಣೆ 24 ಗಂಟೆಗಿಂತ ಜಾಸ್ತಿ ಕಚ್ಚಿರಬೇಕು, ಆದ್ರೆ ಎರ್ಲಿಕಿಯಾ ಕೆಲವೇ ಗಂಟೆಯಲ್ಲಿ ನಾಯಿಗೆ ದಾಟತ್ತೆ, ಸಂಜೆ ನೋಡಿದ್ರಾಯ್ತು ಅಂತ ಬಿಡೋ ಹಾಗಿಲ್ಲ. ಉಣ್ಣೆ ಹಾರಲ್ಲ, ಎಗರಲ್ಲ, ಹುಲ್ಲಿನ ತುದೀಲಿ ಮುಂಗಾಲು ಚಾಚ್ಕೊಂಡು ನಮ್ಮ ಉಸಿರು, ಮೈ ಬಿಸಿ ಗುರುತಿಸಿ ಕಾಯ್ತಿರತ್ತೆ, ಅದಕ್ಕೇ ಹುಲ್ಲಲ್ಲಿ ಓಡಾಡೋವಾಗ ಪ್ಯಾಂಟ್ ಸಾಕ್ಸ್ ಒಳಗೆ ಸೇರಿಸ್ಕೊಳ್ಳಿ.

ಕೀಳೋದು ಹೇಗೆ ಅಂದ್ರೆ, ಚೂಪಾದ ಚಿಮ್ಮಟಾನ ಚರ್ಮಕ್ಕೆ ತಾಗೋ ಹಾಗೆ ಇಟ್ಟು ಉಣ್ಣೆಯ ಬಾಯಿ ಹತ್ರಾನೇ ಹಿಡಿದು ನಿಧಾನಕ್ಕೆ ನೇರ ಮೇಲಕ್ಕೆ ಎಳೀರಿ, ಹೊಟ್ಟೆ ಹಿಂಡಬೇಡಿ. ಬೆಂಕಿಕಡ್ಡಿ, ಸೀಮೆಎಣ್ಣೆ ಏನೂ ಬೇಡ. ಕಿತ್ತಿದ್ದನ್ನ ಉಗುರಲ್ಲಿ ಕುಟ್ಟದೆ ಸ್ಪಿರಿಟ್ ಬಾಟ್ಲಿಗೆ ಹಾಕಿ, ಕೈ ತೊಳ್ಕೊಳ್ಳಿ. ನಾಯಿ ಕಿವಿ ಒಳಗೆ, ಬೆರಳ ಸಂದಿ, ಬಾಲದ ಬುಡ, ಕಾಲರ್ ಕೆಳಗೆ, ಇಷ್ಟು ಜಾಗ ತಪ್ಪದೆ ನೋಡಿ.