ಓಲೆಕಾರ ನಾಯಿ ಕೆಡುತ್ತಿದ್ದದ್ದು ಬಿಸ್ಕತ್ತಿನಿಂದ

ಯುದ್ಧದ ನಾಯಿ ಎಂದೊಡನೆ ಕಚ್ಚುವ ನಾಯಿ ಕಣ್ಣ ಮುಂದೆ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿದ್ದ ಬ್ರಿಟಿಷರಿಗೆ ಬೇಕಾಗಿದ್ದದ್ದು ಓಲೆ ಹೊತ್ತು ಮನೆಗೆ ಓಡುವ ನಾಯಿ. ಫಿರಂಗಿ ದಾಳಿ ಶುರುವಾದರೆ ಟೆಲಿಫೋನ್ ತಂತಿ ತುಂಡಾಗುತ್ತಿತ್ತು. ಹೊಗೆಯಲ್ಲಿ ಬಾವುಟ, ದೀಪದ ಸನ್ನೆ ಕಾಣುತ್ತಿರಲಿಲ್ಲ. ಪಾರಿವಾಳವನ್ನು ಕತ್ತಲಲ್ಲಿ, ಮಂಜಿನಲ್ಲಿ ನಂಬುವಂತಿಲ್ಲ. ಉಳಿದವನು ಓಲೆ ಹಿಡಿದು ಓಡುವ ಸೈನಿಕ. ಕೆಸರಲ್ಲಿ ಅವನ ಓಟ ನಿಧಾನ, ಶತ್ರುವಿನ ಕಣ್ಣಿಗೆ ಅವನು ದೊಡ್ಡ ಗುರಿ.

1916ರ ಕೊನೆಯಲ್ಲಿ ವುಲ್ಫ್, ಪ್ರಿನ್ಸ್ ಎಂಬ ಏರ್‌ಡೇಲ್ ತಳಿಯ ಎರಡು ನಾಯಿಗಳನ್ನು ಪರೀಕ್ಷೆಗೆಂದು ಫ್ರಾನ್ಸಿಗೆ ಕಳಿಸಿದರು. ಅವು ಗೆದ್ದವು. 1917ರಲ್ಲಿ ಇಂಗ್ಲೆಂಡಿನ ಶೂಬರಿನೆಸ್‌ನಲ್ಲಿ ನಾಯಿಗಳನ್ನು ಪಳಗಿಸುವುದರಲ್ಲಿ ನುರಿತ ಸೇನಾಧಿಕಾರಿ ಎಡ್ವಿನ್ ರಿಚರ್ಡ್‌ಸನ್ ಮೇಲ್ವಿಚಾರಣೆಯಲ್ಲಿ ಇಂಥ ನಾಯಿಗಳ ಶಾಲೆ ತೆರೆಯಿತು. ಅಲ್ಲಿಗೆ ಬಂದವುಗಳಲ್ಲಿ ಬೀದಿಯಲ್ಲಿ ಸಿಕ್ಕವು, ಜನ ತಾವಾಗಿ ಕೊಟ್ಟವು ಎಲ್ಲ ಇದ್ದವು.

ವ್ಯವಸ್ಥೆ ಹೀಗೆ. ಒಬ್ಬ ಪಾಲಕನಿಗೆ ಮೂರು ನಾಯಿ. ಅವುಗಳಿಗೆ ಅನ್ನ ಹಾಕುವವನು, ಮೈ ಸವರುವವನು ಅವನೊಬ್ಬನೇ. ಯುದ್ಧಭೂಮಿಯಲ್ಲಿ ಅವನು ಹಿಂದೆ ಮುಖ್ಯಠಾಣ್ಯದಲ್ಲೇ ಉಳಿಯುತ್ತಾನೆ. ನಾಯಿಯನ್ನು ಬೇರೆ ಸೈನಿಕ ಮುಂಚೂಣಿಗೆ ಕರೆದೊಯ್ಯುತ್ತಾನೆ. ಸುದ್ದಿ ಕಳಿಸಬೇಕಾದಾಗ ಚೀಟಿಯನ್ನು ಕೊರಳಪಟ್ಟಿಯ ತಗಡಿನ ಕೊಳವೆಗೆ ತುರುಕಿ ಬಿಟ್ಟುಬಿಡುವುದು, ಅಷ್ಟೇ. ಓಲೆಯ ವಿಷಯ ನಾಯಿಗೆ ಗೊತ್ತಿಲ್ಲ. ಅದು ಹೊರಟಿರುವುದು ತನ್ನವನ ಹತ್ತಿರಕ್ಕೆ, ತನ್ನ ಊಟಕ್ಕೆ.

ತರಬೇತಿಗೆ ಸುಮಾರು ಆರು ವಾರ ಹಿಡಿಯುತ್ತಿತ್ತು. ಮೊದಲು ಹತ್ತಿರದಿಂದ ಬಿಡುವುದು, ಆಮೇಲೆ ದೂರ ಹೆಚ್ಚಿಸುವುದು. ದಾರಿಯಲ್ಲಿ ಮುಳ್ಳುತಂತಿ, ನೀರು, ಹೊಗೆ. ಬಂದೂಕಿನ ಸದ್ದನ್ನೂ ಹಾಗೇ ಸ್ವಲ್ಪಸ್ವಲ್ಪವಾಗಿ ಹತ್ತಿರ ತರುತ್ತಿದ್ದರು. ದಾರಿ ತಪ್ಪಿದ ನಾಯಿಗೆ ಹೊಡೆತವಿಲ್ಲ. ಹಿಂದಕ್ಕೆ ಕರೆದೊಯ್ದು ಮತ್ತೆ ಬಿಡುವುದು. ಹೊಡೆಸಿಕೊಂಡ ನಾಯಿಗೆ ಪಾಲಕನ ಹತ್ತಿರ ಓಡುವ ಆಸೆಯೇ ಹೋದರೆ ಮಾಡಿದ್ದೆಲ್ಲ ನೀರುಪಾಲು.

ಏರ್‌ಡೇಲ್, ಕೋಲಿ ತಳಿಯವೂ ಗ್ರೇಹೌಂಡ್ ಬೆರಕೆಯ ಲರ್ಚರ್ ನಾಯಿಗಳೂ ಚೆನ್ನಾಗಿ ಕಲಿತವು. ಫಾಕ್ಸ್ ಟೆರಿಯರ್‌ಗಳಿಗೆ ಆಟದ ಮೇಲೇ ಗಮನ. ಬೆನ್ನ ಮೇಲೆ ಬಾಲ ಸುರುಳಿ ಸುತ್ತಿಕೊಂಡ ನಾಯಿ ಕೆಲಸಕ್ಕೆ ಬರುವುದು ಅಪರೂಪ ಎಂಬುದು ರಿಚರ್ಡ್‌ಸನ್ ಅನುಭವ. ಬಾಲಕ್ಕೂ ಬುದ್ಧಿಗೂ ಏನು ನಂಟು ಎಂದು ಕೇಳಬೇಡಿ.

ಕೆಲಸ ಕೆಡುತ್ತಿದ್ದದ್ದು ಗುಂಡಿನಿಂದಷ್ಟೇ ಅಲ್ಲ, ಪ್ರೀತಿಯಿಂದಲೂ. ಕಂದಕದಲ್ಲಿ ಬೇಸತ್ತ ಸೈನಿಕರು ನಾಯಿ ಕಂಡರೆ ಬಿಸ್ಕತ್ತು, ಮಾಂಸ ಕೊಟ್ಟು ಮುದ್ದು ಮಾಡುತ್ತಿದ್ದರು. ಹೊಟ್ಟೆ ತುಂಬಿ, ನಾಲ್ಕು ಹೊಸ ಗೆಳೆಯರು ಸಿಕ್ಕ ಮೇಲೆ ಅದು ಗುಂಡಿನ ಮಳೆಯಲ್ಲಿ ಯಾಕೆ ಓಡೀತು? ಯಾರೂ ತಿನ್ನಿಸಬಾರದು, ಮುದ್ದಿಸಬಾರದು ಎಂದು ಆಜ್ಞೆಯನ್ನೇ ಹೊರಡಿಸಬೇಕಾಯಿತು. ಬೆದೆಗೆ ಬಂದ ಹೆಣ್ಣುನಾಯಿ ದಾರಿಯಲ್ಲಿ ಸಿಕ್ಕರಂತೂ ಓಲೆಯ ಆಸೆ ಬಿಡಬೇಕು.

ಜರ್ಮನರದು ಇನ್ನೊಂದು ಪದ್ಧತಿ: ನಾಯಿಗೆ ಇಬ್ಬರು ಪಾಲಕರು, ಒಬ್ಬ ಮುಂದೆ, ಒಬ್ಬ ಹಿಂದೆ. ಎರಡೂ ಕಡೆ ಓಡಿಸಬಹುದು, ನಿಜ. ಆದರೆ ಕಲಿಸುವುದು ಕಷ್ಟ.

1941ರಲ್ಲಿ ಸೋವಿಯತ್ ಸೇನೆ ಟ್ಯಾಂಕ್ ಒಡೆಯಲು ನಾಯಿಗಳನ್ನು ಬಿಟ್ಟ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಆಮಿಷ ಊಟವೇ: ಹಸಿದ ನಾಯಿಗೆ ನಿಂತ ಟ್ಯಾಂಕಿನ ಕೆಳಗೆ ಅನ್ನ. ಬೆನ್ನಿನ ಚೀಲಗಳಲ್ಲಿ 10-12 ಕಿಲೋ ಸ್ಫೋಟಕ, ಮೇಲೆ ನೆಟ್ಟಗೆ ನಿಂತ ಮರದ ಕಡ್ಡಿ. ಟ್ಯಾಂಕಿನ ತಳಕ್ಕೆ ತಾಗಿ ಅದು ಬಾಗಿದರೆ ಸಿಡಿತ. ಆದರೆ ಕಲಿಸಿದ್ದು ತಮ್ಮದೇ ಡೀಸೆಲ್ ಟ್ಯಾಂಕುಗಳಡಿ, ಎದುರಿಗೆ ಬಂದವು ಪೆಟ್ರೋಲ್ ವಾಸನೆಯ ಜರ್ಮನ್ ಟ್ಯಾಂಕುಗಳು, ಅದೂ ಓಡುತ್ತ, ಗುಂಡು ಹಾರಿಸುತ್ತ. ಹೆದರಿದ ನಾಯಿ ಮನೆ ಕಡೆ ತಿರುಗುತ್ತದೆ. ಓಲೆಕಾರ ನಾಯಿಯಲ್ಲಿ ಆ ಭಯವೂ ಕೆಲಸಕ್ಕೆ ಒದಗುತ್ತಿತ್ತು. ಇಲ್ಲಿ ಮನೆಯೆಂದರೆ ಅವು ಹೊರಟ ಕಂದಕ. ಸ್ಫೋಟಕ ಹೊತ್ತು ವಾಪಸು ಬಂದ ನಾಯಿಗಳಿಗೆ ಆ ಕಂದಕದವರೇ ಗುಂಡಿಕ್ಕಬೇಕಾಯಿತು.