ಅಮ್ಮನ ಕಣ್ಣೀರ ನಾಳದ ಹರಳು

ಅಮ್ಮನ ಬಲಗಣ್ಣಿನಿಂದ ತೆಗೆದ ಹರಳುಗಳನ್ನು ವೈದ್ಯರು ಗಾಜ್ ಬಟ್ಟೆಯ ಮೇಲಿಟ್ಟು ತೋರಿಸಿದಾಗ ಅವು ಹುರಿದ ರವೆಯ ಕಾಳುಗಳಂತೆ ಹಳದಿಯಾಗಿದ್ದವು. ಇಕ್ಕುಳದ ತುದಿಯಿಂದ ಒಂದನ್ನು ಒತ್ತಿದರೆ ಅದು ಕಲ್ಲಿನಂತೆ ಸಿಡಿಯದೆ, ಗಿಣ್ಣಿನ ಚೂರಿನ ಹಾಗೆ ಮೆತ್ತಗೆ ಹರಡಿಕೊಂಡಿತು. ಅಲ್ಲಿಯವರೆಗೆ ನಾವು ಇದನ್ನು ಮೂತ್ರಪಿಂಡದ ಹರಳಿನ ಸಂಬಂಧಿಯೆಂದೇ ಭಾವಿಸಿದ್ದೆವು. ಯಾರೋ ಹೇಳಿದರೆಂದು ಅಮ್ಮ ಸಾರಿಗೆ ಟೊಮೆಟೊ ಹಾಕುವುದನ್ನೂ ಬಿಟ್ಟಿದ್ದರು. ಅದರ ಅಗತ್ಯವೇ ಇರಲಿಲ್ಲ.

ರೆಪ್ಪೆಯ ಒಳಮೂಲೆಯ ಸಣ್ಣ ರಂಧ್ರದಿಂದ ಕಣ್ಣೀರು ಕಿರುನಾಳಕ್ಕೂ, ಅಲ್ಲಿಂದ ಕಣ್ಣೀರ ಚೀಲಕ್ಕೂ, ಕೊನೆಗೆ ಮೂಗಿಗೂ ಇಳಿಯುತ್ತದೆ. ಚೀಲದಲ್ಲಿ ಕೂಡುವ ಹರಳು ಹೆಚ್ಚಾಗಿ ಲೋಳೆಯ ಪ್ರೋಟೀನು, ಕೊಬ್ಬು ಮತ್ತು ಒಳಪೊರೆಯಿಂದ ಉದುರಿದ ಜೀವಕೋಶಗಳ ಮುದ್ದೆ; ಕ್ಯಾಲ್ಸಿಯಂ ಅಲ್ಪವಾಗಿರುವುದರಿಂದ ಅದು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಒಳಗೆ ಸಿಕ್ಕಿಕೊಂಡ ಒಂದು ರೆಪ್ಪೆಗೂದಲೂ ಅದಕ್ಕೆ ಬೀಜವಾಗಬಲ್ಲದು. ಕಿರುನಾಳದ ಹರಳು ಬೇರೆಯದೇ ಬಗೆ: ಅಲ್ಲಿ ಬಹಳ ಸಲ ಆಕ್ಟಿನೊಮೈಸಿಸ್ ಎಂಬ ಬ್ಯಾಕ್ಟೀರಿಯಾದ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಾಳುಗಟ್ಟುತ್ತವೆ. ಅಮ್ಮನದು ಈ ಬಗೆ.

ಶಸ್ತ್ರಚಿಕಿತ್ಸೆಯ ನಂತರ ಹರಳು ಮರುಕಳಿಸುವುದೂ ಅದು ಯಾವ ಬಗೆಯದೆಂಬುದರ ಮೇಲೆಯೇ ನಿಂತಿದೆ. ಚೀಲದ ಹರಳಿಗೆ ಮಾಡುವ ಡಿಸಿಆರ್ ಶಸ್ತ್ರಚಿಕಿತ್ಸೆಯಲ್ಲಿ, ಇಟಲಿಯ ಅಡ್ಡಿಯೊ ಟೋಟಿ 1904ರಲ್ಲಿ ವಿವರಿಸಿದ ತತ್ತ್ವದಂತೆ, ಮೂಳೆಯಲ್ಲಿ ದಾರಿ ಬಿಡಿಸಿ ಚೀಲವನ್ನು ನೇರವಾಗಿ ಮೂಗಿಗೆ ತೆರೆಯುತ್ತಾರೆ. ನೀರು ನಿಲ್ಲುವ ಜಾಗವೇ ಇಲ್ಲವಾಗುವುದರಿಂದ ಹರಳು ಮತ್ತೆ ಕೂಡುವುದು ಅಪರೂಪ. ಗಾಯ ಮಾಗುವಾಗ ಆ ದಾರಿ ಮುಚ್ಚಿಕೊಂಡರೆ ಮಾತ್ರ ತೊಂದರೆ ಮರಳಬಹುದು.

ಕಿರುನಾಳದಲ್ಲಿ ಹಾಗಲ್ಲ. ಹಿಗ್ಗಿದ ನಾಳದ ಮಡಿಕೆಯಲ್ಲಿ ಒಂದು ಕಾಳು ಉಳಿದರೂ ಸೋಂಕು ಅದರಿಂದಲೇ ಮತ್ತೆ ಬೆಳೆಯುತ್ತದೆ, ಏಕೆಂದರೆ ಕಣ್ಣಿಗೆ ಬಿಡುವ ಔಷಧಿಯ ಹನಿ ಕಾಳಿನ ಒಳಗೆ ಇಳಿಯುವುದಿಲ್ಲ. ಮೊದಲ ಸಲ ತೆಗೆಸಿದ ನಾಲ್ಕೇ ತಿಂಗಳಿಗೆ ಅಮ್ಮನ ಕಣ್ಣು ಬೆಳಿಗ್ಗೆ ಪಿಸರುಗಟ್ಟಿ ಅಂಟಿಕೊಳ್ಳತೊಡಗಿತು. ಆ ಮೊದಲ ಸಲ ತೆಗೆದ ಕಾಳುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿರಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಹರಳು ಯಾವುದರಿಂದಾಯಿತೆಂದು ತಿಳಿಯದೆ ಮುಂದಿನ ಔಷಧಿಯನ್ನು ಸರಿಯಾಗಿ ಆರಿಸುವುದು ಹೇಗೆ? ಎರಡನೆಯ ಸಲ ನಾಳವನ್ನು ತುಸು ಸೀಳಿ, ಒಳಗೋಡೆಯನ್ನು ಕೆರೆದು ಶುಚಿಗೊಳಿಸಿ, ವರದಿ ಬಂದ ಮೇಲೆ ಪೆನಿಸಿಲಿನ್ ಗುಂಪಿನ ಮಾತ್ರೆ ಕೊಟ್ಟರು.

ಎರಡು ವರ್ಷವಾಯಿತು. ಅಮ್ಮ ಈಗಲೂ ಬೆಳಿಗ್ಗೆ ಎದ್ದೊಡನೆ ಬಿಳಿ ಹತ್ತಿಯಿಂದ ಕಣ್ಣಿನ ಮೂಲೆಯನ್ನು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ.